ಪರಕಾಯ ಪ್ರವೇಶ

ದೆಹಲಿಯ ನಮ್ಮ ಬಳಗದ ಹಿರಿಯರೊಬ್ಬರ ಮನೆಯ ಅಂಗಳದಲ್ಲಿ 1964ರ ಅಂಬಾಸಡರ್ ಕಾರೊಂದು ಹೊದಿಕೆಯಡಿ ನಿಂತಿದೆ. ಧಾರವಾಡದಿಂದ ಬಂದು ಇಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿ ನೆಲೆಸಿದ ಅವರ ತಂದೆ 1970ರ ದಶಕದಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕಾರಿನ ನೋಂದಣಿ ಪುಸ್ತಕವನ್ನು ಕಳೆದ ಚಳಿಗಾಲದಲ್ಲಿ ನಾವೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದೆವು. ಎಂಜಿನ್ ಸಂಖ್ಯೆಯ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ಮೇಲೆ ಇನ್ನೊಂದು ಸಂಖ್ಯೆ ಬರೆದು, ಪಕ್ಕದಲ್ಲಿ 1994ರ ದುಂಡು ಮೊಹರು ಒತ್ತಿದ್ದಾರೆ. ಚಾಸಿ ಸಂಖ್ಯೆಗೆ ಮಾತ್ರ ಯಾರೂ ಕೈ ಹಚ್ಚಿಲ್ಲ. ಆ ವರ್ಷ ಹಳೆಯ ಎಂಜಿನ್ ಸವೆದು ಹೋದಾಗ ಅಪಘಾತಕ್ಕೀಡಾದ ಕಾಂಟೆಸ್ಸಾ ಕಾರೊಂದರ ಇಸುಜು ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಕೊಂಡು ತಂದು ಇದರೊಳಗೆ ಕೂಡಿಸಿದ್ದರು. ಸಾರಿಗೆ ಕಚೇರಿಯವರು ನೋಡಿ ಒಪ್ಪಿ ದಾಖಲಿಸಿದ ಗುರುತು ಆ ಕೆಂಪು ಗೆರೆ.

ಈಗ ಆ ಕಾರು ದೆಹಲಿಯ ರಸ್ತೆಗೆ ಇಳಿಯುವಂತಿಲ್ಲ. ಏನು ಮಾಡಬೇಕೆಂಬ ಬಗ್ಗೆ ಮನೆಯಲ್ಲಿ ಒಮ್ಮತವೂ ಇಲ್ಲ. ಇಸುಜುವನ್ನು ಕಿತ್ತು, ಆ ಕಾಲದ ಮೂಲ ಎಂಜಿನ್ನೊಂದನ್ನು ಹುಡುಕಿ ಹಾಕಿ ವಿಂಟೇಜ್ ನೋಂದಣಿ ಮಾಡಿಸೋಣ ಎನ್ನುವುದು ತಮ್ಮನ ಪಟ್ಟು. ಎಲ್ಲವನ್ನೂ ಕಿತ್ತು ವಿದ್ಯುತ್ ಮೋಟಾರು ಕೂಡಿಸೋಣ ಎನ್ನುವುದು ಮೊಮ್ಮಗನ ಆಸೆ. ಹಿರಿಯರಿಗೆ ಎರಡೂ ಬೇಡ. “ಅಪ್ಪ ಓಡಿಸಿದ್ದು ಇದನ್ನ” ಎಂದು ಅವರು ಹೇಳಿದಾಗ, ‘ಇದು’ ಎಂದರೆ ಯಾವುದು ಎಂಬ ಪ್ರಶ್ನೆ ನಮ್ಮೊಳಗೆ ಹುಟ್ಟಿತು. ಹಳೆಯ ಕಾರಿನೊಳಗೆ ಹೊಸ ಎಂಜಿನ್, ಹೊಸ ಚಾಸಿ ಕೂಡಿಸುವ ಪದ್ಧತಿಯ ಚರಿತ್ರೆಯನ್ನು ನಾವು ಕೆದಕತೊಡಗಿದ್ದು ಅಲ್ಲಿಂದ.

ಈ ಪದ್ಧತಿಯ ತವರು ಅಮೆರಿಕ. ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ 65 ಅಶ್ವಶಕ್ತಿಯ ವಿ-8 ಎಂಜಿನ್ ಇರುವ ಕಾರು ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅವು ಹಳತಾಗಿ ಅಗ್ಗವಾದವು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಕೊಂಡು, ಮಡ್‌ಗಾರ್ಡುಗಳನ್ನು ಕಿತ್ತು ಹಗುರ ಮಾಡಿ, ಎಂಜಿನ್ನಿಗೆ ಹೆಚ್ಚಿನ ಕಾರ್ಬುರೇಟರುಗಳನ್ನು ಹೂಡಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. ‘ಹಾಟ್ ರಾಡ್’ ಎಂಬ ಹೆಸರು ಹಬ್ಬಿದ್ದು ಹೀಗೆ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದಲ್ಲಿ ಯಂತ್ರಗಳ ಕೆಲಸ ಕಲಿತ ಸಾವಿರಾರು ಯುವಕರು ಊರಿಗೆ ಮರಳಿದರು. 1948ರ ಜನವರಿಯಲ್ಲಿ ಅದೇ ಹೆಸರಿನ ಪತ್ರಿಕೆಯೂ ಹೊರಟಿತು. ಷೆವ್ರೊಲೆ 1955ರಲ್ಲಿ 4.3 ಲೀಟರಿನ ಹಗುರ ವಿ-8 ತಂದ ಮೇಲೆ ಫೋರ್ಡಿನ ಒಡಲಿನಲ್ಲಿ ಎದುರಾಳಿಯ ಎಂಜಿನ್ ಕೂಡಿಸುವುದು ಮನೆಮಾತಾಯಿತು. ನಿಷ್ಠಾವಂತರು ಮೂಗು ಮುರಿದರು, ಕೆಲಸ ನಡೆದೇ ಇತ್ತು.

ಆದರೆ ಎಂಜಿನ್ ಬದಲಾದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಹೊಸ ಎಂಜಿನ್ನಿನ ಬಲಕ್ಕೆ ಹಳೆಯ ಗೇರ್‌ಬಾಕ್ಸು ತಡೆಯದು. ಅದನ್ನು ಬದಲಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಕೂಡದು, ಅದನ್ನು ಕತ್ತರಿಸಿ ಬೆಸೆಯಬೇಕು. ಆಮೇಲೆ ಹಿಂದಿನ ಆಕ್ಸಲ್ಲು ಮುರಿಯುತ್ತದೆ. ಆಕ್ಸಲ್ಲನ್ನೂ ಬದಲಿಸಿದ ಮೇಲೆ ವೇಗ ಬರುತ್ತದೆ, ಬ್ರೇಕು ಸಾಲದು. ರೇಡಿಯೇಟರು ಚಿಕ್ಕದಾಗುತ್ತದೆ, ಡೈನಮೋ ಹೋಗಿ ಆಲ್ಟರ್ನೇಟರ್ ಬರುತ್ತದೆ, ವೈರಿಂಗೆಲ್ಲ ಹೊಸದಾಗುತ್ತದೆ. ಕೊನೆಗೆ, ಇಷ್ಟನ್ನೂ ಹೊತ್ತ ಹಳೆಯ ಚೌಕಟ್ಟು ತಿರುವಿನಲ್ಲಿ ನುಲಿಯುವುದು ತಿಳಿದಾಗ ಚೌಕಟ್ಟನ್ನೇ ಏಕೆ ಬದಲಿಸಬಾರದು ಎನಿಸುತ್ತದೆ. ಅಮೆರಿಕದಲ್ಲಿ ಇದಕ್ಕೆ ಅಡ್ಡಿ ಕಡಿಮೆ. ಅಲ್ಲಿನ ಹಳೆಯ ಕಾರುಗಳಲ್ಲಿ ಕೆಳಗೆ ಉಕ್ಕಿನ ಏಣಿಯಂಥ ಚಾಸಿ, ಮೇಲೆ ಬೋಲ್ಟು ಹಾಕಿ ಕೂರಿಸಿದ ಒಡಲು. ಬೋಲ್ಟು ಬಿಚ್ಚಿದರೆ ಮೇಲಿನದು ಎದ್ದು ಬರುತ್ತದೆ. ಇಂದು ಹಳೆಯ ಮಾದರಿಯ ಅಳತೆಗೆ ಹೊಸ ಚಾಸಿ ತಯಾರಿಸಿ ಮಾರುವ ಕಾರ್ಖಾನೆಗಳೇ ಅಲ್ಲಿವೆ. 1932ರ ಫೋರ್ಡಿನ ಒಡಲನ್ನು ಹೊಸ ತಗಡಿನಲ್ಲಿ ಒತ್ತಿ ಮಾರುವವರೂ ಇದ್ದಾರೆ. ಹಾಗೆ ಕಟ್ಟಿದ ಕಾರಿನಲ್ಲಿ 1932ಕ್ಕೆ ಸೇರಿದ್ದು ಏನಿದೆ ಎಂದು ಕೇಳಿದರೆ, ಹಲವು ಸಲ ಒಂದು ಕಾಗದ ಮಾತ್ರ.

ನಮ್ಮ ಶಾಸನಗಳಲ್ಲಿ ದತ್ತಿಯ ಉದ್ದೇಶ ಹೇಳುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು, ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಪುಣ್ಯಕಾರ್ಯ. ಕೆಲಸ ನಡೆಯುವಾಗ ದೇವರು ಬಾಲಾಲಯದಲ್ಲಿ ಇರುತ್ತಾನೆ. ಕಂಬ, ತೊಲೆ, ಮಾಡು ಬದಲಾಗುತ್ತವೆ. ಆಮೇಲೆ ದೇವರು ಮರಳುತ್ತಾನೆ. ಗುಡಿ ಎಷ್ಟು ಹೊಸದಾದರೂ ಅದೇ ಗುಡಿ, ಏಕೆಂದರೆ ಒಳಗಿರುವವನು ಬದಲಾಗಿಲ್ಲ. ಕಾರಿನ ವಿಷಯದಲ್ಲಿ ಇದು ತಲೆಕೆಳಗು. ಗುಡಿ ಹಾಗೆಯೇ ಉಳಿದು ಗರ್ಭಗೃಹ ಬದಲಾಗುತ್ತದೆ. ಅದಕ್ಕೆ ಹೊಂದುವ ಕಥೆ ಶಂಕರಾಚಾರ್ಯರ ಚರಿತೆಯಲ್ಲಿದೆ. ಸತ್ತ ಅಮರುಕ ರಾಜನ ದೇಹವನ್ನು ಅವರು ಹೊಕ್ಕರಂತೆ. ಎದ್ದು ಕುಳಿತವನನ್ನು ಅರಮನೆಯವರು ತಮ್ಮ ರಾಜನೆಂದೇ ಕಂಡರು, ನಡೆನುಡಿಯಲ್ಲಿ ಏನೋ ಬೇರೆಯಾಗಿದೆ ಎಂದು ಮಂತ್ರಿಗಳಿಗೆ ಅನುಮಾನ ಬಂದದ್ದು ಆಮೇಲೆ.

ಅಂಬಾಸಡರಿಗೆ ಬಂದರೆ ವಿಷಯ ಇನ್ನೂ ಜಟಿಲ. ಅದಕ್ಕೆ ಬೇರೆ ಚಾಸಿಯೇ ಇಲ್ಲ. ಅದರ ಮೂಲವಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಲ್ಲಿ ಒಡಲು ಮತ್ತು ಚೌಕಟ್ಟು ಒಂದೇ. ನೆಲ, ಕಂಬ, ಮಾಡು ಎಲ್ಲ ಬೆಸೆದ ಒಂದೇ ತಗಡಿನ ಗೂಡು. ಪುಸ್ತಕದಲ್ಲಿ ‘ಚಾಸಿ ಸಂಖ್ಯೆ’ ಎಂದು ಬರೆದಿರುವುದು ವಾಸ್ತವದಲ್ಲಿ ಆ ಗೂಡಿನ ಸಂಖ್ಯೆ. ಅಮೆರಿಕದವರು ಮಾಡುವಂತೆ ಒಡಲನ್ನು ಎತ್ತಿ ಹೊಸ ಚಾಸಿಯ ಮೇಲೆ ಇಡಬೇಕೆಂದರೆ ನೆಲವನ್ನೇ ಕೊಯ್ಯಬೇಕು. ಅದು ಬಟ್ಟೆ ಬದಲಿಸಿದಂತಲ್ಲ, ಚರ್ಮ ಸುಲಿದಂತೆ.

ಆದರೂ ಈ ಕಾರಿನ ‘ಮೂಲರೂಪ’ ಯಾವುದು ಎಂದು ಹುಡುಕಹೊರಟರೆ ಕಾರ್ಖಾನೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿ, 1948ರಲ್ಲಿ ಬಂಗಾಳದ ಉತ್ತರಪಾರಾಕ್ಕೆ ಹೋಯಿತು. 1950ರ ದಶಕದ ಕೊನೆಯಲ್ಲಿ ಅಂಬಾಸಡರ್ ಹೊರಬಂದಾಗ ಅದರೊಳಗಿದ್ದದ್ದು ಹಳೆಯ ಸೈಡ್ ವಾಲ್ವ್ ಎಂಜಿನ್. ಸ್ವಲ್ಪ ಕಾಲದಲ್ಲೇ ಅದನ್ನು ಬದಿಗಿಟ್ಟು 1489 ಸಿಸಿಯ ಬಿ.ಎಂ.ಸಿ. ಎಂಜಿನ್ ಕೂಡಿಸಿದರು. 1980ರ ಹೊತ್ತಿಗೆ ಅದೇ ಗೂಡಿನಲ್ಲಿ ಡೀಸೆಲ್ ಎಂಜಿನ್ ಬಂದು ಸುಮಾರು 37 ಅಶ್ವಶಕ್ತಿಯಲ್ಲಿ, ಇಡೀ ಬೀದಿಗೆ ಕೇಳುವಂತೆ ಗಡಗಡಿಸಿತು. 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ವಿನ್ಯಾಸದ 1.8 ಲೀಟರಿನ ಎಂಜಿನ್, ಐದು ಗೇರುಗಳೊಂದಿಗೆ. ಸ್ಟಿಯರಿಂಗ್ ಪಕ್ಕದಲ್ಲಿದ್ದ ಗೇರಿನ ಕೋಲು ಕೆಳಗಿಳಿದು ನೆಲಕ್ಕೆ ಬಂತು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲುವವರೆಗೂ ಆ ದುಂಡನೆಯ ಮಾಡು, ಉಬ್ಬಿದ ಬಾನೆಟ್ಟು ಹೆಚ್ಚು ಬದಲಾಗಲಿಲ್ಲ. ನಮ್ಮ ಹಿರಿಯರ ತಂದೆ 1994ರಲ್ಲಿ ತಮ್ಮ ಕಾರಿಗೆ ಮಾಡಿಸಿದ್ದು ಕಾರ್ಖಾನೆ ತಾನೇ ಆಗತಾನೇ ಮಾಡಿದ್ದ ಕೆಲಸವನ್ನು. ವ್ಯತ್ಯಾಸವೆಂದರೆ ಅಲ್ಲಿ ಅದು ಹೊಸ ಮಾದರಿ ಎನಿಸಿಕೊಂಡಿತು, ಇಲ್ಲಿ ಮಾರ್ಪಾಡು ಎನಿಸಿಕೊಂಡಿತು.

ಲೈಸೆನ್ಸುಗಳ ಕಾಲದ ಭಾರತದಲ್ಲಿ ಹೊಸ ಕಾರಿನ ವಿನ್ಯಾಸ ಎಂದರೆ ಬಹುಪಾಲು ಇಂಥ ಪರಕಾಯ ಪ್ರವೇಶವೇ. ದಾನಕ್ಕೆ ಬಂದ ಇಬ್ಬರ ಅಂಗಾಂಗಗಳನ್ನು ಜೋಡಿಸಿ ಒಬ್ಬನನ್ನು ಎಬ್ಬಿಸುವ ಕೆಲಸ ಅದು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1970ರ ದಶಕದಲ್ಲಿ ಕೈಬಿಟ್ಟ ಒಡಲಿಗೆ ಅಂಬಾಸಡರಿನ 1489 ಸಿಸಿ ಎಂಜಿನ್ ಕೂಡಿಸಿ 1984ರಲ್ಲಿ ಕಾಂಟೆಸ್ಸಾ ತಂದರು. ಒಡಲು ದೊಡ್ಡದು, ಎಂಜಿನ್ ಚಿಕ್ಕದು. ಏರು ಕಂಡರೆ ನಿಟ್ಟುಸಿರು ಬಿಡುತ್ತಿತ್ತು. ಅದಕ್ಕೆ ಜೀವ ಬಂದದ್ದು ಮುಂದೆ ಇಸುಜು ಎಂಜಿನ್ ಕೂಡಿಸಿದ ಮೇಲೆ. ಮುಂಬೈಯ ಪ್ರೀಮಿಯರ್ ಕಂಪನಿ 1985ರಲ್ಲಿ ಇಟಲಿಯ ಫಿಯಟ್ 124ರ ಒಡಲಿಗೆ ಜಪಾನಿನ ನಿಸ್ಸಾನ್ ಎಂಜಿನ್ ಇಟ್ಟು 118 ಎನ್.ಇ. ಎಂದು ಕರೆಯಿತು.

ಇವುಗಳಲ್ಲೆಲ್ಲ ನಮಗೆ ಮರುಕ ಹುಟ್ಟಿಸುವುದು ಮದರಾಸಿನ ಸ್ಟ್ಯಾಂಡರ್ಡ್ 2000. ಅದರ ಒಡಲು 1976ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ರೋವರ್ ಎಸ್.ಡಿ. 1ರದು. ಯುರೋಪಿನಲ್ಲಿ ವರ್ಷದ ಕಾರೆಂದು ಪ್ರಶಸ್ತಿ ಪಡೆದ ಸುಂದರಿ. ಅಲ್ಲಿ ಅದರ ಖ್ಯಾತಿಗೆ ಕಾರಣವಾಗಿದ್ದದ್ದು 3.5 ಲೀಟರಿನ ವಿ-8. ಇಲ್ಲಿ 1985ರಲ್ಲಿ ಅದು ಬಂದಾಗ ಬಾನೆಟ್ಟಿನಡಿ ಇದ್ದದ್ದು 1940ರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ವಂಶದ 1991 ಸಿಸಿ ಎಂಜಿನ್. ಅಮೆರಿಕದವರು ಹಳೆಯ ಒಡಲಿನೊಳಗೆ ಹೊಸ ಯಂತ್ರ ಇಟ್ಟರೆ ನಾವು ಹೊಸ ಒಡಲಿನೊಳಗೆ ಹಳೆಯ ಯಂತ್ರ ಇಟ್ಟೆವು. ಬೆಲೆ ದುಬಾರಿ, ಓಟ ಸಪ್ಪೆ. ಕೆಲವೇ ವರ್ಷಗಳಲ್ಲಿ ಕಾರೂ ನಿಂತಿತು, ಅದನ್ನು ನೆಚ್ಚಿದ್ದ ಕಾರ್ಖಾನೆಯೂ ಮುಚ್ಚಿತು. ಮದರಾಸಿನ ಕಡೆಯಿಂದ ಬಂದ ನಮ್ಮ ಗೆಳೆಯರೊಬ್ಬರು ಇಂದಿಗೂ ಆ ಕಾರಿನ ಹೆಸರೆತ್ತಿದರೆ ಮಾತು ಬದಲಿಸುತ್ತಾರೆ.

ಒಡಲನ್ನು ನೋಡಿ ಒಳಗಿನದನ್ನು ನಂಬುವ ನಮ್ಮ ಅಭ್ಯಾಸಕ್ಕೆ ದೆಹಲಿ ತೆತ್ತ ಬೆಲೆಯನ್ನೂ ಇಲ್ಲಿ ನೆನೆಯಬೇಕು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಮಾಡಿದವರು ಬಂದದ್ದು ಬಿಳಿಯ ಅಂಬಾಸಡರಿನಲ್ಲಿ, ಕೆಂಪು ದೀಪ ಮತ್ತು ಗೃಹ ಸಚಿವಾಲಯದ ಚೀಟಿ ಅಂಟಿಸಿಕೊಂಡು. ಆ ಕಾರಿನ ಎಂಜಿನ್ ಯಾವುದಾಗಿದ್ದರೂ ಒಂದೇ ಆಗಿತ್ತು. ಆ ಆಕಾರಕ್ಕೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡುವ ನಾವು ಆ ಆಕಾರಕ್ಕೆ ಎದ್ದು ನಿಂತು ಅಭ್ಯಾಸವಾದವರು, ಒಳಗೆ ಯಾರಿದ್ದಾರೆಂದು ಬಗ್ಗಿ ನೋಡುವ ಮೊದಲೇ.

ಒಡಲು ಕಾರೋ, ಎಂಜಿನ್ ಕಾರೋ ಎಂಬ ಪ್ರಶ್ನೆ ಕಡೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಬೆಂಟ್ಲಿ ಕಂಪನಿಯ ‘ಓಲ್ಡ್ ನಂಬರ್ ಒನ್’ ಎಂಬ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಓಟವನ್ನು ಗೆದ್ದಿತು. ಅನಂತರ ಅದನ್ನು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟಗಳಿಗಾಗಿ ಮತ್ತೆ ಮತ್ತೆ ಬಿಚ್ಚಿ ಕಟ್ಟಿದರು, 8 ಲೀಟರಿನ ಎಂಜಿನ್ ಇಟ್ಟರು. 1932ರಲ್ಲಿ ಅಲ್ಲಿನ ಓಟದ ಕಟ್ಟೆಯಿಂದ ಅದು ಹಾರಿಬಿದ್ದು ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡ. ಅದಾದ ಮೇಲೂ ಅದನ್ನು ಕಟ್ಟಿದರು. ದಶಕಗಳ ನಂತರ ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ, ಇದು ಆ ಕಾರೇ ಅಲ್ಲ ಎಂದು ಕೊಳ್ಳುವವರು ತಕರಾರು ತೆಗೆದರು. 1990ರಲ್ಲಿ ಲಂಡನ್ನಿನ ನ್ಯಾಯಾಧೀಶ ಆಟನ್ ಅವರ ಮುಂದೆ ಪ್ರಕರಣ ಬಂತು. 1929ರ ಭಾಗಗಳು ಅದರಲ್ಲಿ ಉಳಿದದ್ದು ಅತ್ಯಲ್ಪ ಎಂಬುದು ಸಾಬೀತಾಯಿತು. ಆದರೂ ಅವರು ಮಾರುವವನ ಪರವಾಗಿ ತೀರ್ಪು ಕೊಟ್ಟರು. ಒಂದು ದಿನ ಬಿಚ್ಚಿ ಎಸೆದು ಮತ್ತೊಂದು ದಿನ ಹೊಸದನ್ನು ಕಟ್ಟಿದ್ದಲ್ಲ. ಒಂದು ಮಾರ್ಪಾಡಿನಿಂದ ಇನ್ನೊಂದಕ್ಕೆ ಕೊಂಡಿ ಕಳಚದೆ ಬಂದಿದೆ. ಆ ಹೆಸರಿಗೆ ಹಕ್ಕು ಸಾಧಿಸಬಲ್ಲ ಬೇರೆ ಕಾರೂ ಇಲ್ಲ ಎಂಬುದು ಅವರ ವಾದದ ಸಾರ. ಕಾಲಕಾಲಕ್ಕೆ ಹಲಗೆ ಬದಲಿಸಿ ಉಳಿಸಿಕೊಂಡ ಥೀಸಿಯಸನ ಹಡಗಿನ ಬಗ್ಗೆ ಅಥೆನ್ಸಿನ ತತ್ತ್ವಜ್ಞಾನಿಗಳು ವಾದಿಸುತ್ತಿದ್ದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಕಿತ್ತ ಹಳೆಯ ಹಲಗೆಗಳನ್ನೆಲ್ಲ ಕೂಡಿಟ್ಟು ಯಾರಾದರೂ ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು ಎಂದು ಹಾಬ್ಸ್ ಅದಕ್ಕೆ ತೊಡಕು ಸೇರಿಸಿದ. ಲಂಡನ್ನಿನ ಆ ನ್ಯಾಯಾಲಯ ಕೊಂಡಿ ಕಳಚದ ಹಡಗಿನ ಕಡೆ ನಿಂತಿತೆನ್ನಬೇಕು.

ಬ್ರಿಟನ್ನಿನ ನೋಂದಣಿ ಇಲಾಖೆ ಇದನ್ನೇ ಬಹುಕಾಲ ಅಂಕಗಳ ಲೆಕ್ಕದಲ್ಲಿ ತೂಗಿತು. ಮೂಲ ಚಾಸಿಗೆ ಅಥವಾ ಒಡಲಿನ ಗೂಡಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್ ಇವಕ್ಕೆ ತಲಾ 2. ಎಂಜಿನ್ನಿಗೆ ಕೇವಲ 1. ಹದಿನಾಲ್ಕರಲ್ಲಿ 8 ಅಂಕ ಬಂದರೆ ಹಳೆಯ ಸಂಖ್ಯೆ ಉಳಿಯುತ್ತಿತ್ತು, ಆದರೆ ಚಾಸಿಯ 5 ಅದರಲ್ಲಿ ಇರಲೇಬೇಕಿತ್ತು. ಈ ತಕ್ಕಡಿಯಲ್ಲಿ ನಮ್ಮ ಹಿರಿಯರ ಕಾರು ಎಂಜಿನ್ನಿನ 1, ಗೇರ್‌ಬಾಕ್ಸಿನ 2 ಕಳೆದುಕೊಂಡು 11 ಅಂಕ ಪಡೆದು ಸಲೀಸಾಗಿ ಪಾಸಾಗುತ್ತಿತ್ತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಅಂಗೀಕರಿಸಿದ ಟ್ಯೂರಿನ್ ಸನ್ನದು ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಜಾಡಿನಲ್ಲೇ ನಡೆಯುತ್ತದೆ. ಬಳಕೆಯಲ್ಲಿದ್ದ ಕಾಲದಲ್ಲಿ ಆದ ಬದಲಾವಣೆಗಳನ್ನು ಅದು ಕಳಂಕವೆಂದು ಕಾಣುವುದಿಲ್ಲ, ಅವೂ ವಾಹನದ ಚರಿತ್ರೆಯ ಭಾಗ ಎನ್ನುತ್ತದೆ.

ನಮ್ಮ ಕಾನೂನು ಬೇರೆ ದಾರಿ ಹಿಡಿದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಮೊದಲು ಮಾರ್ಪಾಡಿಗೆ ಇಲಾಖೆಯ ಒಪ್ಪಿಗೆ ಪಡೆಯುವ ದಾರಿ ಇಟ್ಟಿತ್ತು. ಕೆಂಪು ಗೆರೆಯ ಪಕ್ಕದ ಮೊಹರು ಆ ದಾರಿಯ ಕುರುಹು. 2000ದ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದು. ಅದೇ ಬಗೆಯ ಎಂಜಿನ್ ಅಥವಾ ಬೇರೆ ಇಂಧನದ ಅಂಗೀಕೃತ ಕಿಟ್ ಮಾತ್ರ ಸಲ್ಲುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ದೃಢಪಡಿಸಿತು. ಕಾನೂನಿನ ಕಾಳಜಿ ಸುಳ್ಳಲ್ಲ. 75 ಅಶ್ವಶಕ್ತಿಯ ಎಂಜಿನ್ನನ್ನು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ 1964ರ ಕಾರಿಗೆ ಹಾಕಿ ಹೆದ್ದಾರಿಗೆ ಬಿಡುವುದು ಎಲ್ಲರ ಕೈಯಲ್ಲೂ ಕ್ಷೇಮವಲ್ಲ. ಹಿರಿಯರ ತಂದೆಯೇ ಆಗ್ರಾ ರಸ್ತೆಯಲ್ಲಿ ಒಮ್ಮೆ ಬೆವರಿದ ಮೇಲೆ ಅರವತ್ತರ ಮೇಲೆ ಓಡಿಸಲಿಲ್ಲವಂತೆ.

ತಕರಾರು ಇರುವುದು 2021ರ ವಿಂಟೇಜ್ ನಿಯಮದ ಬಗ್ಗೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿ ಉಳಿದಿರಬೇಕು, ಚಾಸಿಯಲ್ಲಾಗಲಿ ಒಡಲಿನಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯ ಬದಲಾವಣೆ ಆಗಿರಕೂಡದು. ಅರ್ಹವಾದರೆ ₹20,000 ಶುಲ್ಕ, ‘ವಿ.ಎ.’ ಅಕ್ಷರಗಳಿರುವ ಹೊಸ ಸಂಖ್ಯೆ, ಹತ್ತು ವರ್ಷದ ಮಾನ್ಯತೆ. ನಿತ್ಯದ ಓಡಾಟಕ್ಕೆ ಮಾತ್ರ ಅವಕಾಶವಿಲ್ಲ. ಈ ನಿಯಮದ ದೃಷ್ಟಿಯಲ್ಲಿ ಕಾರಿನ ಚರಿತ್ರೆ ಕಾರ್ಖಾನೆಯ ಗೇಟಿನಲ್ಲೇ ಮುಗಿಯುತ್ತದೆ. ಸರ್ಕಾರವೇ ಮೊಹರು ಒತ್ತಿ ಒಪ್ಪಿದ 1994ರ ಬದಲಾವಣೆ ಅನರ್ಹತೆಗೆ ಕಾರಣ. ಅದನ್ನು ಅಳಿಸಿ, ಮಾಯಾಪುರಿಯ ಗುಜರಿಯಲ್ಲಿ ಯಾವುದೋ ಬೇರೆ ಕಾರಿನ ಬಿ.ಎಂ.ಸಿ. ಎಂಜಿನ್ ಹುಡುಕಿ ಕೂಡಿಸಿದರೆ ಮಾತ್ರ ಅದು ‘ಮೂಲ’ದಂತೆ ಕಾಣುತ್ತದೆ. ಈ ಕಾರಿನ ಬಾನೆಟ್ಟಿನಡಿ ಒಂದು ದಿನವೂ ಇರದಿದ್ದ ಎಂಜಿನ್ ಮೂಲ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನು ಓಡಿಸಿದ್ದು ಕೂಡಿಕೆ! ಹಿರಿಯರ ತಮ್ಮನ ಮಾತು ಇಲ್ಲಿ ನಮಗೆ ಒಪ್ಪಿಗೆಯಾಗಲಿಲ್ಲ.

ಮೊಮ್ಮಗನ ಮಾತಿಗೆ ಹೆಚ್ಚು ಬಲವಿದೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಕೂಡದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರ ಜಾರಿ ಆಮೇಲೆ ಬಿಗಿಯಾಗಿದೆ, ಸಡಿಲವೂ ಆಗಿದೆ. ನವೆಂಬರಿನ ದೆಹಲಿಯಲ್ಲಿ ಉಸಿರಾಡುವ ಯಾರೂ ಅದನ್ನು ಹಗುರವಾಗಿ ಕಾಣಲಾರರು. ವಿದ್ಯುತ್ ಕಿಟ್ಟಿಗೆ ಕಾನೂನಿನಲ್ಲಿ ದಾರಿಯೂ ಇದೆ. ಆದರೆ ಅದು ಬಂದರೆ ಎಂಜಿನ್, ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್ ಎಲ್ಲವೂ ಹೋಗುತ್ತವೆ, ಅದರ ದನಿಯೂ ಹೋಗುತ್ತದೆ. ಬ್ಯಾಟರಿಯ ಭಾರಕ್ಕೆ ಡಿಕ್ಕಿಯ ನೆಲವನ್ನು ಬಲಪಡಿಸಬೇಕು. ಹುಡುಗ ಜಾಣ, ಲೆಕ್ಕವನ್ನೆಲ್ಲ ಹಾಕಿ ತಂದಿದ್ದ. “ಅಜ್ಜಾ, ಇದಾದರೂ ಓಡ್ತದ, ಅದಂತೂ ನಿಂತಿರತದ” ಎಂದ. ನಿಂತ ಕಾರಿಗಿಂತ ಓಡುವ ಕಾರು ಮೇಲು ಎಂಬ ಮಾತಿಗೆ ನಮ್ಮಲ್ಲಿ ಕೆಲವರು ತಲೆದೂಗಿದರು. ಹಾಗೆ ನೋಡಿದರೆ 1994ರಲ್ಲಿ ಅವನ ಮುತ್ತಜ್ಜ ನಡೆದುಕೊಂಡದ್ದೂ ಇದೇ ತರ್ಕದಿಂದ. ನಮ್ಮ ಹಿಂಜರಿಕೆ ಒಂದೇ: ಆಗ ಬದಲಾದದ್ದು ಸವೆದು ನಿಂತ ಎಂಜಿನ್, ಈಗ ಕಿತ್ತುಹಾಕಬೇಕಾದದ್ದು ಕೀಲಿ ತಿರುವಿದರೆ ಮಾತನಾಡುವ ಎಂಜಿನ್.

ಹಿರಿಯರು ಎರಡು ತಿಂಗಳು ಯೋಚಿಸಿ ಮೂರನೆಯ ದಾರಿ ಹಿಡಿದಿದ್ದಾರೆ. ದೆಹಲಿಯಿಂದ ನಿರಾಕ್ಷೇಪಣಾ ಪತ್ರ ಪಡೆದು ಕಾರನ್ನು ಧಾರವಾಡದ ತಂಗಿಯ ಮನೆಗೆ ಕಳಿಸುವುದು, ಅಲ್ಲಿ ಮರುನೋಂದಣಿಗೆ ಯತ್ನಿಸುವುದು. ಅಲ್ಲಿನ ಕಚೇರಿಯವರು ಕೆಂಪು ಗೆರೆಯನ್ನು ಹೇಗೆ ಓದುತ್ತಾರೋ ನೋಡಬೇಕು. ಕಾಗದಪತ್ರ ಹುಡುಕುವಾಗ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಹಳೆಯ ಎಂಜಿನ್ನಿನ ಕಾರ್ಬುರೇಟರನ್ನು ಅವರ ತಂದೆ ಗುಜರಿಗೆ ಕೊಡದೆ, ಊರಿನಿಂದ ಅಂಚೆಯಲ್ಲಿ ಬರುತ್ತಿದ್ದ ಸಂಯುಕ್ತ ಕರ್ನಾಟಕದ ಹಾಳೆಯಲ್ಲಿ ಸುತ್ತಿ, ಎಣ್ಣೆ ಸವರಿ ಇಟ್ಟಿದ್ದರು. ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟೇ ಕಳಿಸುವುದೆಂದು ತೀರ್ಮಾನವಾಗಿದೆ. ಲಾರಿಯವನು ಬರುವ ವಾರ ಬರುತ್ತಾನೆ.